ಹಿಂದಕ್ಕೆ ಸರಿಯುವ ವಿದ್ಯೆ



ಕಾರು ಕಲಿತವರನ್ನು ಒಮ್ಮೆ ಕೇಳಿ ನೋಡಿ. ಮುಂದಕ್ಕೆ ಓಡಿಸುವುದು ನಾಲ್ಕೇ ದಿನಗಳಲ್ಲಿ ಕೈಗೆ ಬಂತು ಎನ್ನುತ್ತಾರೆ. ರಿವರ್ಸ್ ಮಾತು ಎತ್ತಿದರೆ ಮಾತ್ರ ಮುಖ ಸಪ್ಪಗಾಗುತ್ತದೆ. ಅರಭಾವಿ, ಘಟಪ್ರಭಾ, ಮೂಡಲಗಿ, ಗೋಕಾಕ ಈ ಕಡೆಗಳಲ್ಲಿ ಮನೆತನದ ಮೊಟ್ಟಮೊದಲ ಕಾರನ್ನು ಅಂಗಳಕ್ಕೆ ತಂದು ನಿಲ್ಲಿಸಿದ ಕುಟುಂಬಗಳು ಇಂದು ಅನೇಕ. ಫಲಕದ ಮೇಲೆ ಕೆಎ 49 ಎಂಬ ಗೋಕಾಕದ ಗುರುತು, ಒಳಗೆ ಕನ್ನಡಿಗೆ ತೂಗುಹಾಕಿದ ಜಪಮಾಲೆ, ಗುರುಗಳು ಪವಿತ್ರ ತೀರ್ಥ ಚಿಮುಕಿಸಿ ಮಾಡಿದ ಆಶೀರ್ವಾದ, ಎಲ್ಲವೂ ಆಗಿರುತ್ತದೆ. ಆದರೆ ಗೋಕಾಕದ ಪೇಟೆಯಲ್ಲಿ ಕರದಂಟಿನ ಅಂಗಡಿಯ ಮುಂದೆ ಎರಡು ಗಾಡಿಗಳ ನಡುವೆ ಒಂದು ಜಾಗ ಖಾಲಿ ಕಂಡರೆ, ಅದನ್ನು ಕಂಡೂ ಕಾಣದಂತೆ ಮುಂದೆ ಸಾಗಿ, ದೂರದಲ್ಲಿ ಬಯಲು ಸಿಕ್ಕಲ್ಲಿ ನಿಲ್ಲಿಸಿ, ಬಿಸಿಲಲ್ಲಿ ನಡೆದು ಬರುವವರಿದ್ದಾರೆ. ಹಿಂದಕ್ಕೆ ಸರಿಯುವ ಧೈರ್ಯ ಅವರಿಗಿಲ್ಲ.

ಇದರಲ್ಲಿ ನಗುವಂಥದ್ದೇನೂ ಇಲ್ಲ. ಹಿಂದಕ್ಕೆ ಸರಿಯುವುದು ನಿಜಕ್ಕೂ ಕಠಿಣ. ಚಾಲನಾ ಪರವಾನಗಿಯ ಪರೀಕ್ಷೆ ಹೇಗಿರಬೇಕೆಂದು ಹೇಳುವ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೆಯ ನಿಯಮವು, ಅಭ್ಯರ್ಥಿಯು ವಾಹನವನ್ನು ಹಿಂದಕ್ಕೆ ಓಡಿಸಿ, ಬಲಕ್ಕೋ ಎಡಕ್ಕೋ ಇರುವ ಇಕ್ಕಟ್ಟಾದ ಜಾಗದೊಳಗೆ ಹತೋಟಿಯಿಂದ ಸೇರಿಸಿ ತೋರಿಸಬೇಕೆಂದು ಕೇಳುತ್ತದೆ. ನೇರ ರಸ್ತೆಯಲ್ಲಿ ಎಷ್ಟು ವೇಗವಾಗಿ ಓಡಿಸಬಲ್ಲಿರಿ ಎಂದು ಅದು ಕೇಳುವುದಿಲ್ಲ, ನೋಡಿ.

ಕಷ್ಟ ಏತಕ್ಕೆ? ಕಾರಿನಲ್ಲಿ ತಿರುಗುವ ಚಕ್ರಗಳು ಮುಂದಿನವು. ಹಿಂದಿನ ಚಕ್ರಗಳಿಗೆ ಸ್ವಂತವಾಗಿ ಹೊರಳುವ ಶಕ್ತಿಯಿಲ್ಲ. ಮುಂದಕ್ಕೆ ಹೋಗುವಾಗ ತಿರುಗುವ ಚಕ್ರ ಮುಂದಾಳಾಗಿರುತ್ತದೆ, ಹಿಂದಿನವು ಅದರ ಬೆನ್ನು ಹಿಡಿದು ಬರುತ್ತವೆ. ರಿವರ್ಸ್ ಗೇರ್ ಹಾಕಿದ ಕೂಡಲೇ ಈ ಸಂಬಂಧ ತಲೆಕೆಳಗಾಗುತ್ತದೆ. ಮುಂದಾಳು ಬೆನ್ನ ಹಿಂದೆ ಉಳಿದು ಅಲ್ಲಿಂದಲೇ ದಾರಿ ತೋರಬೇಕಾಗುತ್ತದೆ. ಎಡಗಡೆಯ ಜಾಗಕ್ಕೆ ಕಾರನ್ನು ಹಿಂದಕ್ಕೆ ಸೇರಿಸಬೇಕೆಂದರೆ ಮೊದಲು ಆ ಜಾಗವನ್ನು ದಾಟಿ ಮುಂದೆ ಹೋಗಬೇಕು. ಪಕ್ಕದ ಗಾಡಿಗಳಿಂದ ಒಂದು ಮೀಟರಿನಷ್ಟು ಅಂತರ ಇಟ್ಟುಕೊಳ್ಳಬೇಕು. ನಿಂತು, ಮೂರೂ ಕನ್ನಡಿ ನೋಡಿ, ಹೆಗಲ ಮೇಲಿಂದ ತಿರುಗಿ ನೋಡಿ, ಸ್ಟೇರಿಂಗನ್ನು ಎಡಕ್ಕೆ ಹೊರಳಿಸಿ, ಕ್ಲಚ್ಚಿನ ಮೇಲೆ ಕಾಲಿಟ್ಟುಕೊಂಡು ಇರುವೆಯ ಹಾಗೆ ಸರಿಯಬೇಕು. ಹಿಂಭಾಗ ಎಡಕ್ಕೆ ಒಳಗೆ ಸೇರುತ್ತಿದ್ದಂತೆ ಕಾರಿನ ಮೂತಿ ಬಲಕ್ಕೆ, ರಸ್ತೆಯ ಕಡೆಗೆ, ಬೀಸಿಕೊಂಡು ಹೋಗುತ್ತದೆ. ಹೊಸಬರು ಎಡವುವುದು ಇಲ್ಲಿಯೇ. ಕಣ್ಣೆಲ್ಲ ಹಿಂದೆ ನೆಟ್ಟಿರುತ್ತದೆ. ಹಿಂದೆ ಏನೂ ತಾಗುವುದಿಲ್ಲ. ಆದರೆ ಮುಂದಿನ ಮೂಲೆ ರಸ್ತೆಯಲ್ಲಿ ತನ್ನ ಪಾಡಿಗೆ ಬರುತ್ತಿದ್ದ ಸ್ಕೂಟರಿನವನಿಗೆ ತಗುಲುತ್ತದೆ.

ಈ ಮೂತಿಯ ವಿಷಯವನ್ನು ನೆನಪಿನಲ್ಲಿಡಿ, ಮತ್ತೆ ಅಲ್ಲಿಗೆ ಬರೋಣ.

ಇಷ್ಟು ಕಷ್ಟಪಟ್ಟು ಹಿಂದುಹಿಂದಾಗಿಯೇ ಏಕೆ ನಿಲ್ಲಿಸಬೇಕು ಎಂದು ಕೇಳುವವರಿದ್ದಾರೆ. ಎರಡು ಕಾರಣಗಳಿವೆ. ಹೊರಳದ ಹಿಂಚಕ್ರಗಳನ್ನು ಮೊದಲು ಒಳಗೆ ಸೇರಿಸಿಬಿಟ್ಟರೆ, ಹೊರಳುವ ಮುಂಚಕ್ರಗಳಿಂದ ಉಳಿದದ್ದನ್ನು ನೇರ ಮಾಡಿಕೊಳ್ಳಬಹುದು, ಆದ್ದರಿಂದ ಕಡಿಮೆ ಜಾಗ ಸಾಕು. ಹೊರಡುವಾಗ ರಸ್ತೆ ಕಣ್ಣಿಗೆ ನೇರ ಕಾಣುತ್ತದೆ, ಇದು ಎರಡನೆಯದು. ಅಂದರೆ ಬರುವಾಗ ಪಟ್ಟ ಶ್ರಮ ಹೊರಡುವಾಗ ಕ್ಷೇಮವಾಗಿ ಹಿಂತಿರುಗಿ ಬರುತ್ತದೆ.

ಈಗ ನೀವು ಕೇಳಬಹುದು, ಫಾದರ್, ಪವಿತ್ರ ಗ್ರಂಥವು ಹಿಂದಕ್ಕೆ ನೋಡಬೇಡಿ ಎಂದಲ್ಲವೇ ಹೇಳುವುದು? ನಿಜ. ನೇಗಿಲಿಗೆ ಕೈಯಿಟ್ಟು ಹಿಂದಕ್ಕೆ ನೋಡುವವನು ದೇವರ ರಾಜ್ಯಕ್ಕೆ ತಕ್ಕವನಲ್ಲವೆಂದು ಪ್ರಭು ಯೇಸು ಕಲಿಸಿದರು (ಲೂಕ 9:62). ಸೊದೋಮಿನ ಕಡೆ ತಿರುಗಿ ನೋಡಿದ ಲೋಟನ ಹೆಂಡತಿ ಉಪ್ಪಿನ ಕಂಬವಾದಳು (ಆದಿಕಾಂಡ 19:26). ಸಂತ ಪೌಲರು ಹಿಂದಿನದನ್ನು ಮರೆತು ಮುಂದಿನದಕ್ಕಾಗಿ ಓಡುತ್ತೇನೆಂದು ಫಿಲಿಪ್ಪಿಯವರಿಗೆ ಬರೆದರು (3:13). ಆದರೆ ಅದೇ ಗ್ರಂಥದಲ್ಲಿ, ವಾಗ್ದತ್ತ ನಾಡಿನ ಹೊಸ್ತಿಲಲ್ಲಿ ನಿಂತ ಇಸ್ರಯೇಲರಿಗೆ, ನಲವತ್ತು ವರ್ಷ ನಡೆದು ಬಂದ ದಾರಿಯನ್ನೆಲ್ಲ ಸ್ಮರಿಸಿಕೊಳ್ಳಿರೆಂಬ ಆಜ್ಞೆಯೂ ಇದೆ (ಧರ್ಮೋಪದೇಶಕಾಂಡ 8:2). ಪ್ರವಾದಿಗಳು ಜನರನ್ನು ಮನಪರಿವರ್ತನೆಗೆ ಕರೆಯುವಾಗ ಬಳಸಿದ ಹೀಬ್ರೂ ಪದ 'ಶೂಬ್'. ಅದರ ಅರ್ಥ ತಿರುಗಿಕೋ, ಮರಳಿ ಬಾ ಎಂದು.

ಇದರಲ್ಲಿ ವಿರೋಧವಿಲ್ಲ. ಲೋಟನ ಹೆಂಡತಿ ಹಿಂದೆ ನೋಡಿದ್ದು ಅಲ್ಲಿಯೇ ಮನಸ್ಸು ಬಿಟ್ಟುಬಂದಿದ್ದರಿಂದ. ರಿವರ್ಸ್ ತೆಗೆಯುವವನು ಹಿಂದೆ ನೋಡುವುದು ತಾನು ಸೇರಬೇಕಾದ ಜಾಗಕ್ಕೆ ಸರಿಯಾಗಿ ಸೇರಲೆಂದು. ನೋಟ ಒಂದೇ ದಿಕ್ಕಿನದಾದರೂ ಉದ್ದೇಶ ಬೇರೆ. ಗುರುಮಠದಲ್ಲಿ ನಮಗೆ ತತ್ತ್ವಶಾಸ್ತ್ರ ಕಲಿಸುವಾಗ ಕ್ರಿಯೆಯನ್ನು ಅದರ ಗುರಿಯಿಂದ ಅರಿಯಬೇಕೆಂದು ಹೇಳಿಕೊಡುತ್ತಿದ್ದರು. ಆ ಮಾತು ಇಲ್ಲಿ ಹೊಂದುತ್ತದೆ.

13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ಬಿಡಿಸಿ ಬಿಡಿಸಿ ತೋರಿಸಿದ್ದಾರೆ. ವಿವೇಕದ ಅಂಗಗಳಲ್ಲಿ ಅವರು ಮೊದಲು ಇಡುವುದು ನೆನಪನ್ನು. ಆಮೇಲೆ ಬರುವವುಗಳಲ್ಲಿ ಕಲಿಸಿದ್ದನ್ನು ಒಪ್ಪಿ ಕಲಿಯುವ ಗುಣ ಒಂದು, ಮುಂದಾಲೋಚನೆ ಒಂದು, ಸುತ್ತಲೂ ನೋಡುವುದು ಒಂದು, ಎಚ್ಚರಿಕೆ ಒಂದು. ಅವರ ಕಾಲದಲ್ಲಿ ಮೋಟಾರು ಇರಲಿಲ್ಲ, ಆದರೂ ಡ್ರೈವಿಂಗ್ ಶಾಲೆಯ ಗೋಡೆಗೆ ಬರೆಸಿ ಹಾಕಬಹುದಾದ ಪಟ್ಟಿ ಇದು. ಇವುಗಳಲ್ಲಿ ಕಲಿಯುವ ಗುಣದ ಕುರಿತು ಎರಡು ಮಾತು ಹೇಳಬೇಕು, ಏಕೆಂದರೆ ಮನೆಗಳಲ್ಲಿ ಜಗಳ ಹುಟ್ಟುವುದು ಅಲ್ಲಿ.

ಗಂಡ ಹೆಂಡತಿಗೆ ಕಾರು ಕಲಿಸುವ ದೃಶ್ಯವನ್ನು ನೀವು ಕಂಡಿರುತ್ತೀರಿ. ಸಂಜೆಯ ಹೊತ್ತು, ಊರ ಹೊರಗಿನ ಬಯಲು. ಎರಡು ಕಲ್ಲು ಇಟ್ಟು ಜಾಗ ಗುರುತು ಮಾಡಿದ್ದಾರೆ. ಯಜಮಾನರು ಗಾಡಿಯ ಮುಂದೆ ನಿಂತು ಕೈ ಬೀಸುತ್ತಾರೆ.

"ಬಾ, ಬಾ, ಇನ್ನ ಬಾ... ಅಯ್ಯ, ಆ ಕಡೆ ಅಲ್ಲ! ಎಡಕ್ಕ ತಿರುಗಸ, ಎಡಕ್ಕ!"

"ಎಡಕ್ಕನ ತಿರುಗ್ಸೀನಿ ನೋಡ್ರಿ. ಯಾರ ಎಡಕ್ಕ ಅಂತ ಹೇಳ್ರಿ ಮೊದಲ, ನಿಮ್ದೋ ನಂದೋ?"

"ಇಷ್ಟ ತಿಳಿಯೂದಿಲ್ಲೇನ್ ನಿನಗ?"

"ಹಂಗಾರ ನೀವ ಹೊಡೀರಿ. ನಾ ಇಳೀತೀನಿ."

ತಾಯಿಯ ಪ್ರಶ್ನೆ ಸರಿಯಾದದ್ದೇ. ಎದುರು ನಿಂತವರ ಎಡ, ಕುಳಿತವರಿಗೆ ಬಲ. ದಾಂಪತ್ಯದಲ್ಲಿ ಹೀಗೆ ಎಷ್ಟು ಮಾತುಗಳು ಎದುರುಬದುರು ನಿಂತು ಆಡಿದ್ದರಿಂದಲೇ ತಿರುವುಮುರುವಾಗಿ ಕೇಳಿಸಿಲ್ಲ! ಕಲಿಸುವವನು ಗಾಡಿಯ ಹಿಂಬದಿಗೆ, ಕನ್ನಡಿಯಲ್ಲಿ ಕಾಣುವ ಹಾಗೆ ಒಂದು ಮಗ್ಗುಲಿಗೆ ಬಂದು, ಅವಳು ಮುಖ ಮಾಡಿದ ಕಡೆಗೇ ತಾನೂ ಮುಖ ಮಾಡಿ ನಿಂತರೆ ಇಬ್ಬರ ಎಡವೂ ಒಂದೇ ಆಗುತ್ತದೆ. ಲಾರಿಗಳ ಕ್ಲೀನರ್ ಹುಡುಗರನ್ನು ನೋಡಿ. ಯಾವ ಶಾಲೆಯಲ್ಲೂ ಕಲಿಯದೆ ಅವರು ಹಿಂದಿನ ಮೂಲೆಗೆ ಓಡಿ, ಗಾಡಿಯ ಮೈಯನ್ನು ಅಂಗೈಯಿಂದ ತಟ್ಟುತ್ತ, "ಬರ್ಲಿ, ಬರ್ಲಿ, ಸಾಕ್ ಸಾಕ್" ಎನ್ನುತ್ತಾರೆ. ಚಾಲಕ ಎಷ್ಟೇ ಅನುಭವಿಯಾಗಿರಲಿ, ಆ ಹುಡುಗನ ಸಣ್ಣ ಧ್ವನಿಗೆ ವಿಧೇಯನಾಗಿ ಬ್ರೇಕ್ ಒತ್ತುತ್ತಾನೆ. ತನಗೆ ಕಾಣದ್ದು ಇನ್ನೊಬ್ಬನಿಗೆ ಕಾಣುತ್ತದೆಂದು ಒಪ್ಪಿಕೊಳ್ಳುವುದರಲ್ಲಿ ಅವನಿಗೆ ಅವಮಾನವಿಲ್ಲ. ಪಾಪನಿವೇದನೆಯ ಸಂಸ್ಕಾರದಲ್ಲಿ ನಾವು ಇನ್ನೊಬ್ಬ ಮನುಷ್ಯನ ಮುಂದೆ ಮೊಣಕಾಲೂರುವುದೂ ಇದೇ ಒಪ್ಪಿಗೆಯಿಂದ. ನಮ್ಮ ಹಿಂಬದಿಯನ್ನು ನಾವೇ ಪೂರ್ತಿ ಕಾಣಲಾರೆವು.

ಇನ್ನು ಎಷ್ಟು ದೂರ ಹಿಂದಕ್ಕೆ ಹೋಗಬೇಕು? 1989ರ ರಸ್ತೆ ನಿಯಮಾವಳಿಯಲ್ಲಿ ಇದಕ್ಕೆ ಉತ್ತರವಿತ್ತು. ಯಾರಿಗೂ ಅಪಾಯವಿಲ್ಲವೆಂದು ಖಾತ್ರಿ ಮಾಡಿಕೊಳ್ಳದೆ ಹಿಂದಕ್ಕೆ ಸರಿಯಬಾರದು, ಗಾಡಿ ತಿರುಗಿಸಿಕೊಳ್ಳಲು ಎಷ್ಟು ಅವಶ್ಯವೋ ಅದಕ್ಕಿಂತ ಹೆಚ್ಚು ದೂರ, ಹೆಚ್ಚು ಹೊತ್ತು ಹಿಂದಕ್ಕೆ ಹೋಗುತ್ತಲೇ ಇರಬಾರದು ಎಂದು ಅದು ವಿಧಿಸಿತ್ತು. ವಿನಾಯಿತಿ ರೋಡ್ ರೋಲರ್ ಒಂದಕ್ಕೆ ಮಾತ್ರ! ಪಾಪ, ಹಿಂದೆ ಮುಂದೆ ಉರುಳುವುದೇ ಅದರ ಕೆಲಸವಲ್ಲವೇ.

ಕೆಲವು ವಿಶ್ವಾಸಿಗಳು ಆತ್ಮದ ವಿಷಯದಲ್ಲಿ ರೋಡ್ ರೋಲರ್‌ಗಳಾಗಿಬಿಡುತ್ತಾರೆ. ಇಪ್ಪತ್ತು ವರ್ಷಗಳ ಹಿಂದೆ ನಿವೇದಿಸಿ ಕ್ಷಮೆ ಪಡೆದ ಪಾಪದ ಮೇಲೆ ಮತ್ತೆ ಮತ್ತೆ ಉರುಳುತ್ತಾರೆ. ಸಂತ ಲೊಯೊಲಾದ ಇಗ್ನಾಸಿಯವರಿಗೂ 1522ರಲ್ಲಿ ಮನ್ರೇಸಾ ಪಟ್ಟಣದಲ್ಲಿ ಈ ಕಾಟ ಹಿಡಿದಿತ್ತು. ಎಲ್ಲವನ್ನೂ ನಿವೇದಿಸಿದ ಮೇಲೂ ಏನೋ ಉಳಿಯಿತೆಂಬ ಸಂಶಯ, ಪುನಃ ನಿವೇದನೆ, ಪುನಃ ಸಂಶಯ. ಬದುಕೇ ಬೇಡವೆನಿಸುವಷ್ಟು ಅವರು ನೊಂದರು. ಬಹಳ ಸ್ಪಷ್ಟವಾದದ್ದು ಇದ್ದರೆ ಹೊರತು ಹಳೆಯದನ್ನು ತೆಗೆಯಬೇಡ ಎಂದು ಅವರ ಗುರು ಹೇಳಿದರೂ ಅವರಿಗೆ ಎಲ್ಲವೂ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಕೊನೆಗೆ ದೇವರ ಕರುಣೆಯಿಂದ ಬಿಡುಗಡೆಯಾಗಿ, ಹಳೆಯ ಪಾಪಗಳನ್ನು ಇನ್ನು ನಿವೇದಿಸುವುದಿಲ್ಲವೆಂದು ನಿರ್ಧರಿಸಿದರು. ಮುಂದೆ ಅವರೇ ದಿನನಿತ್ಯದ ಆತ್ಮಪರಿಶೋಧನೆಯ ಕ್ರಮವನ್ನು ಧರ್ಮಸಭೆಗೆ ಕೊಟ್ಟರು. ಅದರ ಮೊದಲ ಹೆಜ್ಜೆ ದೇವರಿಗೆ ಕೃತಜ್ಞತೆ, ಕೊನೆಯ ಹೆಜ್ಜೆ ಮುಂದಿನ ದಿನಕ್ಕಾಗಿ ದೃಢನಿರ್ಧಾರ. ನಡುವೆ ಮಾತ್ರ ಹಿಂದಕ್ಕೆ ಸರಿಯುವಿಕೆ, ಅದೂ ಒಂದು ದಿನದಷ್ಟು.

ಈಗ ಆ ಕಾರಿನ ಮೂತಿಯ ಮಾತು. ಹಿಂದಿನದನ್ನೇ ನೋಡುತ್ತ ಸರಿಯುವವನ ಮುಂಭಾಗ ಯಾರಿಗೆ ತಗುಲುತ್ತದೆ? ಅಣ್ಣ ಹೊಲದ ಬದುವಿನಲ್ಲಿ ಮೋಸ ಮಾಡಿದನೆಂಬ ಹಳೆಯ ಸಿಟ್ಟನ್ನು ಕನ್ನಡಿಯಲ್ಲಿಟ್ಟುಕೊಂಡ ತಂದೆಯ ಮೂತಿ ತಗುಲುವುದು ಅಣ್ಣನಿಗಲ್ಲ. ಆತ ದೂರದಲ್ಲಿ ಸುಖವಾಗಿದ್ದಾನೆ. ತಗುಲುವುದು ಸ್ವಂತ ಮಕ್ಕಳಿಗೆ. ದೊಡ್ಡಪ್ಪನ ಮನೆಗೆ ಹೋಗಬೇಡ, ಅವನ ಮಕ್ಕಳ ಜೊತೆ ಆಡಬೇಡ, ಮದುವೆಗೆ ಕಾಲಿಡಬೇಡ ಎಂದು ಕೇಳಿ ಬೆಳೆಯುವ ಮಕ್ಕಳು ಯಾವ ಅಪರಾಧ ಮಾಡಿದ್ದಾರೆ?

ಈ ಸೀಮೆಯ ಒಂದು ಸಂಗತಿಯನ್ನು ಗಮನಿಸಿ. ಕಬ್ಬು ನುರಿಸುವ ಹಂಗಾಮು ಬಂತೆಂದರೆ ಗೋಕಾಕದ ಘಟಪ್ರಭಾ ಸಹಕಾರಿ ಕಾರ್ಖಾನೆ, ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಯಂಥವುಗಳ ದಾರಿಯಲ್ಲಿ ಎರಡೆರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರುಗಳು ಸಾಲುಗಟ್ಟುತ್ತವೆ. ಘಟಪ್ರಭೆಯ ಕಾಲುವೆಯ ದಂಡೆಯ ಮೇಲೋ, ಎರಡು ಕಡೆ ಕಬ್ಬು ನಿಂತ ಹೊಲದ ದಾರಿಯಲ್ಲೋ ಅಂಥ ಒಂದು ಗಾಡಿಗೆ ನಿಮ್ಮ ಕಾರು ಎದುರಾಗುತ್ತದೆ. ಯಾರು ಹಿಂದಕ್ಕೆ ಸರಿಯಬೇಕು? ಒಂದು ಟ್ರೇಲರನ್ನು ಹಿಂದಕ್ಕೆ ತಳ್ಳುವುದೇ ದೊಡ್ಡ ಕಸರತ್ತು. ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಟ್ರೇಲರು ಇನ್ನೊಂದು ಕಡೆ ಹೊರಳುತ್ತದೆ. ಎರಡು ಟ್ರೇಲರ್ ತುಂಬ ಕಬ್ಬಿದ್ದರೆ ಕೊಂಡಿ ಕಳಚದೆ ಆಗುವ ಮಾತಲ್ಲ. ದಾರಿಯ ಹಕ್ಕು ಯಾರದ್ದು, ಮೊದಲು ಬಂದವರು ಯಾರು ಎಂದು ಅಲ್ಲಿ ಯಾರೂ ವಾದ ಹೂಡುವುದಿಲ್ಲ. ಹಗುರಾಗಿರುವ ಕಾರಿನವನು ಸುಮ್ಮನೆ ರಿವರ್ಸ್ ಹಾಕಿ, ಅಗಲ ಸಿಕ್ಕಲ್ಲಿ ಒತ್ತಿ ನಿಲ್ಲುತ್ತಾನೆ. ಟ್ರ್ಯಾಕ್ಟರಿನವನು ಹೋಗುವಾಗ ಕೈ ಎತ್ತುತ್ತಾನೆ. ಅಷ್ಟೇ. ಕಾರಿನವನು ಸೋತನೆಂದು ಊರಲ್ಲಿ ಯಾರೂ ಆಡಿಕೊಳ್ಳುವುದಿಲ್ಲ.

ಮನೆತನದ ಜಗಳಗಳಲ್ಲಿ ಮಾತ್ರ ಈ ನ್ಯಾಯ ನಮಗೆ ಹೊಳೆಯುವುದಿಲ್ಲ ಏಕೆ? ಅಬ್ರಹಾಮನ ಮತ್ತು ಲೋಟನ ದನಗಾಹಿಗಳಿಗೆ ಹುಲ್ಲುಗಾವಲಿನ ವಿಷಯದಲ್ಲಿ ಜಗಳವಾಯಿತು (ಆದಿಕಾಂಡ 13). ಅಬ್ರಹಾಮ ಹಿರಿಯ, ವಾಗ್ದಾನ ಪಡೆದವನು. ಆರಿಸುವ ಹಕ್ಕು ಅವನದ್ದೇ. ಆದರೆ ಅವನೇ ಹಿಂದಕ್ಕೆ ಸರಿದು, ನೀನು ಎಡಕ್ಕೆ ಹೋದರೆ ನಾನು ಬಲಕ್ಕೆ ಹೋಗುವೆನೆಂದು ತಮ್ಮನ ಮಗನಿಗೆ ಆಯ್ಕೆ ಬಿಟ್ಟುಕೊಟ್ಟ. ಲೋಟನು ನೀರಾವರಿಯ ಚೆಂದದ ಭೂಮಿಯನ್ನೇ ಆರಿಸಿಕೊಂಡ. ಅಬ್ರಹಾಮನಿಗೆ ಸಿಕ್ಕಿದ್ದೇನು ಎಂಬುದನ್ನು ಅದೇ ಅಧ್ಯಾಯದ ಕೊನೆಯಲ್ಲಿ ಓದಿಕೊಳ್ಳಿ. ಹಿಂದಕ್ಕೆ ಸರಿಯಬಲ್ಲವನು ಸರಿಯಲಿ. ಸಾಲದ ಭಾರವೋ ಕಾಯಿಲೆಯ ಭಾರವೋ ಬೆನ್ನಿಗೆ ಕಟ್ಟಿಕೊಂಡವನಿಂದ ಅದನ್ನು ನಿರೀಕ್ಷಿಸಬೇಡಿ. ಅವನ ಹಿಂದೆ ಎರಡು ಟ್ರೇಲರುಗಳಿವೆ.

ಆದರೆ ಹಿಂದಕ್ಕೆ ಸರಿಯುವುದರಲ್ಲಿ ಪ್ರಾಣಾಪಾಯವೂ ಇದೆ, ಅದನ್ನು ಹೇಳದೆ ಈ ಬರಹ ಮುಗಿಸಲಾಗದು. ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ 2002ರಲ್ಲಿ ಮಕ್ಕಳ ವೈದ್ಯರೊಬ್ಬರು ತಮ್ಮ ಮನೆಯಲ್ಲಿ ಕಾರನ್ನು ಹಿಂದಕ್ಕೆ ಸರಿಸಿ ನಿಲ್ಲಿಸುತ್ತಿದ್ದರು. ಕನ್ನಡಿಗಳನ್ನು ನೋಡಿದ್ದರು, ನಿಧಾನವಾಗಿಯೇ ಇದ್ದರು. ಮನೆಯಿಂದ ಹೊರಗೆ ಬಂದಿದ್ದ ಅವರ ಎರಡು ವರ್ಷದ ಮಗ ಕ್ಯಾಮರಾನ್ ಹಿಂದಿದ್ದುದು ಅವರಿಗೆ ಕಾಣಲಿಲ್ಲ. ಮಗು ಅದೇ ಗಾಡಿಯ ಕೆಳಗೆ ತೀರಿಕೊಂಡಿತು. ಇತರರ ಮಕ್ಕಳನ್ನು ಉಳಿಸುವ ವೃತ್ತಿಯ ಒಬ್ಬ ತಂದೆ! ಆ ಅಂಗಳದಲ್ಲೇ ಅವರ ಬದುಕು ನಿಂತುಹೋಗಿದ್ದರೆ ಯಾರು ತಪ್ಪು ಹಿಡಿಯಬಹುದಿತ್ತು? ಅವರು ಮಗನ ಕಥೆಯನ್ನು ಸಾರ್ವಜನಿಕರ ಮುಂದೆ, ಶಾಸನ ಮಾಡುವವರ ಮುಂದೆ ಮತ್ತೆ ಮತ್ತೆ ಹೇಳಿದರು. 2008ರಲ್ಲಿ ಆ ಮಗುವಿನ ಹೆಸರಿನಲ್ಲಿಯೇ ಕಾನೂನು ಬಂತು. ಅದರ ಫಲವಾಗಿ 2018ರ ಮೇ ತಿಂಗಳಿನಿಂದ ಆ ದೇಶದ ಹೊಸ ಕಾರುಗಳೆಲ್ಲಕ್ಕೂ ಹಿಂಬದಿ ತೋರಿಸುವ ಕ್ಯಾಮೆರಾ ಕಡ್ಡಾಯವಾಯಿತು. ನಮ್ಮ ದೇಶದಲ್ಲಿಯೂ 2019ರ ಜುಲೈ 1ರಿಂದ ತಯಾರಾಗುವ ಕಾರುಗಳಿಗೆ ಹಿಂದೆ ಅಡ್ಡಿ ಬಂದರೆ ಸದ್ದು ಮಾಡುವ ಸೆನ್ಸರ್ ಕಡ್ಡಾಯವಾಗಿದೆ.

ಹಳೆಯ ಕಾರುಗಳಿಗೆ ಅದಿಲ್ಲ. ಟ್ರ್ಯಾಕ್ಟರಿಗಂತೂ ಅನೇಕ ಸಲ ಕನ್ನಡಿಯೇ ಇರುವುದಿಲ್ಲ. ನಮ್ಮ ಅಂಗಳಗಳನ್ನು ನೆನೆಸಿಕೊಳ್ಳಿ. ಅದೇ ಅಂಗಳದಲ್ಲಿ ಗಾಡಿ ನಿಲ್ಲುತ್ತದೆ, ಕಾಳು ಒಣಗುತ್ತದೆ, ಅಜ್ಜಿ ಬಿಸಿಲು ಕಾಯಿಸುತ್ತ ಕೂತಿರುತ್ತಾಳೆ, ಕರು ಕಟ್ಟಿರುತ್ತದೆ, ಮಗು ಮಣ್ಣಾಡುತ್ತಿರುತ್ತದೆ. ಪಕ್ಕದ ಉಬ್ಬುಗನ್ನಡಿಯಲ್ಲಿ ವಸ್ತುಗಳು ಇರುವುದಕ್ಕಿಂತ ದೂರ ಕಾಣುತ್ತವೆ. ಗಾಡಿಯ ಹಿಂದೆಯೇ ಕುಕ್ಕರಗಾಲಲ್ಲಿ ಕುಳಿತ ಮಗು ಯಾವ ಕನ್ನಡಿಯಲ್ಲೂ ಕಾಣುವುದಿಲ್ಲ. 2007ರ ಜೂನ್ ತಿಂಗಳಲ್ಲಿ ವ್ಯಾಟಿಕನ್ನಿನ ವಲಸಿಗರ ಪಾಲನಾ ಸಮಿತಿಯು ರಸ್ತೆಯ ಬಗ್ಗೆ ಮಾರ್ಗಸೂಚಿಯನ್ನೇ ಹೊರಡಿಸಿ ವಾಹನ ಚಾಲಕರಿಗೆ ಹತ್ತು ಕಟ್ಟಳೆಗಳನ್ನು ಕೊಟ್ಟಿತು. ಅದರಲ್ಲಿ ಮೊದಲನೆಯದು ಸಿನಾಯಿ ಬೆಟ್ಟದ ಐದನೆಯ ಕಟ್ಟಳೆಯೇ, ಕೊಲ್ಲಬಾರದೆಂಬುದು. ಆಗ ಕೆಲವರು ನಕ್ಕರು, ಧರ್ಮಸಭೆಗೆ ಇದೆಲ್ಲ ಏಕೆ ಎಂದರು. ಮಗುವಿನ ಪೆಟ್ಟಿಗೆಯ ಮುಂದೆ ನಿಂತು ಅಂತ್ಯಕ್ರಿಯೆಯ ಪ್ರಾರ್ಥನೆ ಹೇಳುವುದು ಎಂಥದ್ದೆಂದು ಬಲ್ಲ ಯಾವ ಗುರುವೂ ನಗಲಾರ.

ಇಂಥ ಆಘಾತ ಯಾವುದಾದರೂ ಕುಟುಂಬದಲ್ಲಿ ನಡೆದಿದ್ದರೆ, ಇದನ್ನು ಓದುತ್ತಿರುವ ನೆರೆಯವರಿಗೂ ಬಂಧುಗಳಿಗೂ ನನ್ನದೊಂದು ವಿನಂತಿ. ನೋವನು ಕುಡಿದು ಬಟ್ಟೆಯಿಲ್ಲದೆ ಬಿದ್ದಿದ್ದಾಗ ಒಬ್ಬ ಮಗ ಅದನ್ನು ಕಂಡು ಹೊರಗೆ ಹೋಗಿ ಹೇಳಿದ. ಉಳಿದಿಬ್ಬರು, ಶೇಮ್ ಮತ್ತು ಯೆಫೆತ್, ಒಂದು ಹೊದಿಕೆಯನ್ನು ತಮ್ಮ ಹೆಗಲುಗಳ ಮೇಲೆ ಹಾಕಿಕೊಂಡು ಹಿಂದುಹಿಂದಾಗಿ ನಡೆದು ಹೋಗಿ, ಮುಖವನ್ನು ಆಚೆಗೆ ತಿರುಗಿಸಿಕೊಂಡೇ ತಂದೆಯನ್ನು ಮುಚ್ಚಿದರು (ಆದಿಕಾಂಡ 9:23). ಹೇಗಾಯಿತು, ಯಾರ ತಪ್ಪು, ಆಗ ನೀನೆಲ್ಲಿದ್ದೆ ಎಂದು ಆ ತಂದೆಯನ್ನೋ ತಾಯಿಯನ್ನೋ ಕೇಳಬೇಡಿ. ಊಟ ತೆಗೆದುಕೊಂಡು ಹೋಗಿ. ಅವರ ದನಕ್ಕೆ ಮೇವು ಹಾಕಿ. ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.

ಬರುವ ಭಾನುವಾರ ಬಲಿಪೂಜೆ ಮುಗಿದು ದೇವಾಲಯದ ಅಂಗಳದಿಂದ ಗಾಡಿಗಳು ಹೊರಡುವಾಗ ಮಕ್ಕಳು ಎಂದಿನಂತೆ ಅವುಗಳ ನಡುವೆ ಓಡಾಡುತ್ತಿರುತ್ತಾರೆ. ಕೀಲಿ ತಿರುಗಿಸುವ ಮೊದಲು ಇಳಿದು, ಗಾಡಿಯ ಸುತ್ತ ಒಂದು ಸುತ್ತು ನಡೆದು ಬನ್ನಿ. ಹಿಂದಿನ ಚಕ್ರದ ಹತ್ತಿರ ಬಗ್ಗಿ ನೋಡಿ. ಯುವಕರಲ್ಲಿ ಇಬ್ಬರು ಗೇಟಿನ ಬಳಿ ನಿಂತು ಮಕ್ಕಳನ್ನು ಜಗಲಿಯ ಮೇಲೆ ಕರೆದು ಕೂರಿಸಿದರೆ, ಐದು ನಿಮಿಷದ ಕೆಲಸ ಅದು.